ಅಮೆರಿಕದ ‘55 ಪ್ಲಸ್’ ಪಾರ್ಕ್ ಮನೆ: ಅಪ್ಪ-ಅಮ್ಮನಿಗೆ ಹಿತವೇ?

ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಗಳು ಅಲ್ಲಿಗೆ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲು ಬರುವುದು ಸಾಮಾನ್ಯ. ಆರು ತಿಂಗಳ ಮಾತ್ರೆ ಬರೆದುಕೊಡಿ, ಸಕ್ಕರೆ ಎಷ್ಟಿದೆ ನೋಡಿ, ವಿಮಾನದಲ್ಲಿ ಕಾಲು ಊದಿದರೆ ಏನು ಮಾಡಬೇಕು ಹೇಳಿ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಬೇರೊಂದು ಮಾತೂ ಕೇಳಿಬರುತ್ತಿದೆ. “ಈ ಸಲ ಹೋದರೆ ಅಲ್ಲಿಯೇ ಡಾಕ್ಟರೇ. ಗ್ರೀನ್ ಕಾರ್ಡ್ ಆಗಿದೆ. ಮಗಳ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ವಯಸ್ಸಾದವರದೇ ಒಂದು ಕಾಲೊನಿ ಇದೆಯಂತೆ. ಅಲ್ಲೊಂದು ಪುಟ್ಟ ಮನೆ ನೋಡಿದ್ದಾಳೆ. ಎಲ್ಲ ವ್ಯವಸ್ಥೆಯೂ ಇರುತ್ತದಂತೆ.”

ಈ ‘ಎಲ್ಲ ವ್ಯವಸ್ಥೆ’ ಎಂಬ ಮಾತನ್ನೇ ಇಂದು ಸ್ವಲ್ಪ ಬಿಡಿಸಿ ನೋಡೋಣ. ದಶಕಗಳ ಹಿಂದೆಯೇ ಹೋಗಿ ಅಲ್ಲಿಯೇ ನಿವೃತ್ತರಾದ ನಮ್ಮವರಲ್ಲೂ ಕೆಲವರು ದೊಡ್ಡ ಮನೆ ಮಾರಿ ಇಂಥ ಕಾಲೊನಿಗಳತ್ತ ನೋಡುತ್ತಿದ್ದಾರೆ. ನಿಮ್ಮ ಅಣ್ಣನೋ ಚಿಕ್ಕಮ್ಮನೋ ಅವರಲ್ಲೊಬ್ಬರಾಗಿರಬಹುದು. ಮನೆಯ ಬೆಲೆ, ಬಾಡಿಗೆ, ತೆರಿಗೆ ಇವನ್ನೆಲ್ಲ ಮಕ್ಕಳು ವಿಚಾರಿಸಿಯೇ ಇರುತ್ತಾರೆ. ಆ ಮನೆ ದೇಹದ ಮೇಲೆ ಏನು ಪರಿಣಾಮ ಬೀರುತ್ತದೆ ಎಂದು ವಿಚಾರಿಸುವವರು ಕಡಿಮೆ.

ಏನಿದು ಈ ಮನೆ?

ಅಲ್ಲಿನವರು ಮ್ಯಾನುಫ್ಯಾಕ್ಚರ್ಡ್ ಹೋಮ್ ಎನ್ನುವುದು ಕಾರ್ಖಾನೆಯೊಳಗೆ ಪೂರ್ತಿ ಕಟ್ಟಿ, ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿ, ಲಾರಿಗೆ ಕಟ್ಟಿ ಎಳೆದು ತಂದು ನಿಲ್ಲಿಸಿದ ಮನೆಗೆ. ಒಂದೇ ತುಂಡಾಗಿ ಬರುವ ಉದ್ದನೆಯ ಮನೆ ಉಂಟು. ಎರಡು ತುಂಡುಗಳನ್ನು ಸ್ಥಳದಲ್ಲಿ ಜೋಡಿಸಿದ ಅಗಲದ ಮನೆಯೂ ಉಂಟು. ಹಿಂದೆ ಇವಕ್ಕೆ ಮೊಬೈಲ್ ಹೋಮ್ ಎಂಬ ಹೆಸರಿತ್ತು, ಆಡುಮಾತಿನಲ್ಲಿ ಈಗಲೂ ಇದೆ. ಆದರೆ ಒಮ್ಮೆ ನಿಲ್ಲಿಸಿದ ಮೇಲೆ ಇವು ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ. ಮತ್ತೆ ಸಾಗಿಸುವುದೆಂದರೆ ಸಾವಿರಾರು ಡಾಲರಿನ ಖರ್ಚು. ಇಂಥ ಮನೆಗಳ ಕಾಲೊನಿಯನ್ನು ಅಲ್ಲಿ ‘ಪಾರ್ಕ್’ ಎನ್ನುತ್ತಾರೆ. ನಮ್ಮ ಲಾಲ್‌ಬಾಗಿನಂಥ ಉದ್ಯಾನ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಮನೆ ನಿಮ್ಮದು, ಮನೆ ನಿಂತ ನೆಲ ಪಾರ್ಕಿನ ಮಾಲೀಕರದು; ಆ ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ. ಫ್ಲಾರಿಡಾ, ಅರಿಝೋನಾ, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಇವು ಬಹಳ.

1976ರ ಜೂನ್ 15ರಿಂದ ಇಂಥ ಮನೆಗಳ ತಯಾರಿಕೆಗೆ ಅಲ್ಲಿನ ಕೇಂದ್ರ ಸರ್ಕಾರದ ನಿಯಮಾವಳಿ ಜಾರಿಯಲ್ಲಿದೆ. ನಿಯಮಕ್ಕೆ ಒಳಪಟ್ಟ ಮನೆಯ ಪ್ರತಿಯೊಂದು ತುಂಡಿನ ಹೊರಗೋಡೆಗೂ ಕೆಂಪು ಬಣ್ಣದ ಪುಟ್ಟ ಲೋಹದ ಫಲಕ ಹೊಡೆದಿರುತ್ತದೆ. ಹಳೆಯ ಮನೆ ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಇದನ್ನು. 1992ರ ಆಂಡ್ರೂ ಚಂಡಮಾರುತ ಫ್ಲಾರಿಡಾದಲ್ಲಿ ಇಂಥ ಸಾವಿರಾರು ಮನೆಗಳನ್ನು ಪುಡಿಮಾಡಿದ ಮೇಲೆ, 1994ರಲ್ಲಿ ಗಾಳಿಯನ್ನು ತಡೆಯುವ ಶಕ್ತಿಯ ನಿಯಮಗಳನ್ನು ಬಿಗಿಗೊಳಿಸಲಾಯಿತು. ಆದ್ದರಿಂದ ಮನೆ ಯಾವ ವರ್ಷದ್ದು ಎಂಬುದು ರೋಗಿಯ ವಯಸ್ಸಿನಷ್ಟೇ ಮುಖ್ಯವಾದ ಪ್ರಶ್ನೆ.

ಇದು ವೃದ್ಧಾಶ್ರಮವಲ್ಲ

ಇನ್ನು ‘55 ಪ್ಲಸ್’ ಎಂಬುದರ ಅರ್ಥ. ಮಕ್ಕಳಿರುವ ಸಂಸಾರಕ್ಕೆ ಮನೆ ಕೊಡುವುದಿಲ್ಲ ಎನ್ನುವುದು ಅಮೆರಿಕದಲ್ಲಿ 1988ರಿಂದ ಕಾನೂನಿಗೆ ವಿರುದ್ಧ. ಹಿರಿಯರಿಗಾಗಿಯೇ ಇರುವ ವಸತಿಗಳಿಗೆ ಮಾತ್ರ ವಿನಾಯಿತಿ. ಕಾಲೊನಿಯಲ್ಲಿ ಜನ ವಾಸವಿರುವ ಮನೆಗಳ ಪೈಕಿ ಶೇಕಡ 80ರಲ್ಲಾದರೂ 55 ದಾಟಿದ ಒಬ್ಬರು ಇರಬೇಕು, ಆ ನಿಯಮವನ್ನು ಕಾಲೊನಿ ಬಹಿರಂಗವಾಗಿ ಪಾಲಿಸುತ್ತಿರಬೇಕು, ವಯಸ್ಸಿನ ದಾಖಲೆ ಇಟ್ಟಿರಬೇಕು. ಎಲ್ಲರೂ 62 ದಾಟಿರಬೇಕೆನ್ನುವ ಇನ್ನೊಂದು ಬಗೆಯೂ ಇದೆ.

ಇಲ್ಲೊಂದು ಸಂಗತಿಯನ್ನು ದಯವಿಟ್ಟು ಗಮನಿಸಿ. 1988ರ ಕಾನೂನಿನಲ್ಲಿ 55ರ ವಸತಿಗಳು ಹಿರಿಯರ ದೈಹಿಕ, ಸಾಮಾಜಿಕ ಅಗತ್ಯಗಳಿಗೆ ತಕ್ಕ ವಿಶೇಷ ಸೌಲಭ್ಯಗಳನ್ನು ಒದಗಿಸಬೇಕೆಂಬ ಷರತ್ತು ಇತ್ತು. 1995ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಅಂದರೆ ಇವತ್ತು ‘55 ಪ್ಲಸ್’ ಎಂಬ ಫಲಕ ನೆರೆಹೊರೆಯವರ ವಯಸ್ಸನ್ನು ಮಾತ್ರ ಹೇಳುತ್ತದೆ. ಅಲ್ಲಿ ನರ್ಸ್ ಇರಬೇಕೆಂದಿಲ್ಲ, ಅಡುಗೆಯವರಿಲ್ಲ, ರಾತ್ರಿ ಕರೆದರೆ ಬಂದು ನೋಡುವವರಿಲ್ಲ. ಕಚೇರಿಯಲ್ಲಿ ಕುಳಿತ ಮ್ಯಾನೇಜರರ ಕೆಲಸ ಬಾಡಿಗೆ ಪಡೆಯುವುದು, ನಿಯಮ ನೋಡಿಕೊಳ್ಳುವುದು. ಸ್ನಾನ, ಊಟ, ಮಾತ್ರೆಗಳಿಗೆ ನೆರವು ನೀಡುವ ವಸತಿಗಳೂ ನರ್ಸಿಂಗ್ ಹೋಮ್‌ಗಳೂ ಅಲ್ಲಿ ಬೇರೆಯೇ ಇವೆ, ಅವುಗಳ ಖರ್ಚೂ ಬೇರೆ. ಫ್ಲಾರಿಡಾದ ಟವಾರೆಸ್ ಊರಿನಲ್ಲಿ ಭಾರತೀಯ ಹಿರಿಯರಿಗಾಗಿಯೇ ಶಾಂತಿನಿಕೇತನ ಎಂಬ ವಸತಿ ಇದೆ. ಸಾಮೂಹಿಕ ಸಸ್ಯಾಹಾರಿ ಊಟವೂ ಉಂಟು. ಅದರ ವಿಷಯ ಕೇಳಿದವರು ಎಲ್ಲ 55 ಪ್ಲಸ್ ಕಾಲೊನಿಗಳೂ ಹಾಗೆಯೇ ಎಂದು ತಿಳಿದುಬಿಡುತ್ತಾರೆ. ಅದು ಕಾರ್ಖಾನೆ ಮನೆಗಳ ಪಾರ್ಕ್ ಅಲ್ಲ, ಸಾಮಾನ್ಯ ಪಾರ್ಕುಗಳಲ್ಲಿ ಆ ಬಗೆಯ ಊಟವೂ ಇರುವುದಿಲ್ಲ.

ಹಾಗಾದರೆ ಈ ಪಾರ್ಕುಗಳು ಕೆಟ್ಟವೇ? ಖಂಡಿತ ಅಲ್ಲ. ಅರವತ್ತರ ಆಸುಪಾಸಿನಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತ, ಕಾರು ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಮನೆ ಒಂದೇ ಅಂತಸ್ತಿನದು, ಗುಡಿಸಿ ಸಾರಿಸುವುದು ಸುಲಭ. ಒಳರಸ್ತೆಗಳಲ್ಲಿ ವಾಹನ ನಿಧಾನ, ಆದ್ದರಿಂದ ಬೆಳಗಿನ ನಡಿಗೆಗೆ ಭಯವಿಲ್ಲ. ಎದುರುಮನೆಯವರಿಗೂ ನಿಮ್ಮಷ್ಟೇ ವಯಸ್ಸು, ನಿಮ್ಮಷ್ಟೇ ಬಿಡುವು. ಹಲವೆಡೆ ಈಜುಕೊಳವಿರುತ್ತದೆ. ಮಂಡಿನೋವಿನವರಿಗೆ ಎದೆಮಟ್ಟದ ನೀರಿನಲ್ಲಿ ಇಪ್ಪತ್ತು ನಿಮಿಷ ನಡೆಯುವಷ್ಟು ಒಳ್ಳೆಯ ವ್ಯಾಯಾಮ ಇನ್ನೊಂದಿಲ್ಲ. ನಮ್ಮ ತಾಯಂದಿರು ಸಂಕೋಚಪಟ್ಟು ದಡದಲ್ಲಿ ಕುಳಿತು ಬರುತ್ತಾರೆ. ಮೊಣಕಾಲು ಮುಚ್ಚುವ, ತೋಳಿರುವ ಈಜುಡುಗೆ ಅಂಗಡಿಯಲ್ಲಿ ಸಿಗುತ್ತದೆ. ಮಗಳಿಗೆ ಹೇಳಿ ತರಿಸಿಕೊಳ್ಳಿ.

ತೊಂದರೆ ಶುರುವಾಗುವುದು ಎಪ್ಪತ್ತೈದರ ನಂತರ, ದೇಹ ಬಡವಾದಾಗ. ಮನೆಯನ್ನು ಆರಿಸಬೇಕಾದದ್ದು ಇಂದಿನ ಕಾಲುಗಳಿಗಾಗಿ ಅಲ್ಲ, ಹತ್ತು ವರ್ಷದ ನಂತರದ ಕಾಲುಗಳಿಗಾಗಿ.

ಬಿಸಿಲು ಮನೆಯೊಳಗೆ ಬಂದಾಗ

ನಮ್ಮ ಹಳೆಯ ಮಣ್ಣಿನ ಗೋಡೆಯ ಮನೆ, ಹೆಂಚಿನ ಮನೆ ನೆನಪಿಸಿಕೊಳ್ಳಿ. ದಪ್ಪ ಗೋಡೆ ಬಿಸಿಯನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಆದ್ದರಿಂದ ಮಧ್ಯಾಹ್ನವೂ ಒಳಗೆ ತಂಪು. ಕಾರ್ಖಾನೆಯ ಮನೆ ಇದಕ್ಕೆ ತದ್ವಿರುದ್ಧ. ಮರದ ತೆಳು ಚೌಕಟ್ಟು, ಹಗುರ ಗೋಡೆ, ಕೆಳಗೆ ಟೊಳ್ಳು. ಹಳೆಯ ಮನೆಗಳಲ್ಲಿ ಶಾಖ ತಡೆಯುವ ಪದರವೂ ಅಷ್ಟಕ್ಕಷ್ಟೆ. ಎ.ಸಿ. ನಿಂತರೆ ಒಂದೆರಡು ಗಂಟೆಯಲ್ಲೇ ಒಳಗಿನ ಗಾಳಿ ಹೊರಗಿನ ಬಿಸಿಲಿನ ಸಮಕ್ಕೆ ಬರಬಹುದು.

ಅರಿಝೋನಾದ ಫೀನಿಕ್ಸ್ ನಗರದಲ್ಲಿ 2023ರ ಜೂನ್ 30ರಿಂದ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚು ಬಿಸಿಲಿತ್ತು. ಸೆಲ್ಸಿಯಸ್‌ನಲ್ಲಿ ಅದು 43ಕ್ಕೂ ಮೇಲೆ. ಆ ವರ್ಷ ಫೀನಿಕ್ಸ್ ಇರುವ ಮ್ಯಾರಿಕೋಪಾ ಜಿಲ್ಲೆಯೊಂದರಲ್ಲೇ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು. ಇವರಲ್ಲಿ ಅನೇಕರು ಬೀದಿಯಲ್ಲಿದ್ದವರು. ಆದರೆ ಗಣನೀಯ ಸಂಖ್ಯೆಯ ಜನ ತಮ್ಮ ಮನೆಯೊಳಗೇ ಸತ್ತರು, ಎ.ಸಿ. ಕೆಟ್ಟಿತ್ತು, ಅಥವಾ ಆರಿಸಲಾಗಿತ್ತು. ಆ ಜಿಲ್ಲೆಯ ಒಟ್ಟು ಮನೆಗಳಲ್ಲಿ ಮೊಬೈಲ್ ಹೋಮ್‌ಗಳದು ಸಣ್ಣ ಪಾಲು; ಮನೆಯೊಳಗಿನ ಬಿಸಿಲಿನ ಸಾವುಗಳಲ್ಲಿ ಮಾತ್ರ ಅವುಗಳ ಪಾಲು ಹಲವು ಪಟ್ಟು ಹೆಚ್ಚು ಎಂದು ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ನೋಟ ಕೆಡುತ್ತದೆಂದು ಕಿಟಕಿಗೆ ಎ.ಸಿ. ಕೂರಿಸಲು, ನೆರಳು ಪರದೆ ಹಾಕಲು ಬಿಡದ ಪಾರ್ಕುಗಳೂ ಇದ್ದವು. 2024ರಲ್ಲಿ ಅರಿಝೋನಾ ಸರ್ಕಾರ ಕಾನೂನು ಮಾಡಿ ಅಂಥ ನಿಷೇಧವನ್ನು ತಡೆಯಬೇಕಾಯಿತು.

ವಯಸ್ಸಾದ ದೇಹಕ್ಕೇ ಇದೇಕೆ ಇಷ್ಟು ಅಪಾಯ? ಬೆವರು ಕಡಿಮೆಯಾಗುತ್ತದೆ, ಬಾಯಾರಿಕೆಯ ಅರಿವು ಮಂಕಾಗುತ್ತದೆ, ಚರ್ಮಕ್ಕೆ ಹೆಚ್ಚು ರಕ್ತ ಹರಿಸಿ ಶಾಖ ಹೊರಹಾಕುವ ಹೃದಯದ ಶಕ್ತಿಯೂ ತಗ್ಗುತ್ತದೆ. ಇದರ ಮೇಲೆ ನಮ್ಮ ಮಾತ್ರೆಗಳು. ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ನೀರನ್ನೂ ಲವಣವನ್ನೂ ಕಳೆಯುತ್ತದೆ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನಾಡಿ ಏರದಂತೆ ತಡೆಯುತ್ತದೆ. ಮೂತ್ರ ತಡೆಯಲಾಗದವರಿಗೆ, ಅಲರ್ಜಿಗೆ, ನಿದ್ರೆಗೆ ಕೊಡುವ ಕೆಲವು ಮಾತ್ರೆಗಳು ಬೆವರನ್ನೇ ಒಣಗಿಸುತ್ತವೆ. ಇವನ್ನು ನೀವಾಗಿಯೇ ನಿಲ್ಲಿಸಬಾರದು. ಬೇಸಿಗೆಗೆ ಮೊದಲು ವೈದ್ಯರ ಮುಂದೆ ಪಟ್ಟಿ ಇಟ್ಟು, “ಈ ಪ್ರಮಾಣ ಬೇಸಿಗೆಗೂ ಸರಿಯೇ?” ಎಂದು ಕೇಳಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ದಿನಕ್ಕೆ ಎಷ್ಟು ನೀರು ಕುಡಿಯಬಹುದೆಂದೂ ಆಗಲೇ ಕೇಳಿಕೊಳ್ಳಲಿ. ಉಳಿದವರು ಬಾಯಾರಿಕೆಗಾಗಿ ಕಾಯದೆ ಗಂಟೆ ನೋಡಿಕೊಂಡು ಕುಡಿಯುವುದು ಒಳಿತು. ನೀರು ಮಜ್ಜಿಗೆ ಆಗಬಹುದು, ರಕ್ತದೊತ್ತಡದವರಿಗೆ ಉಪ್ಪು ಮಾತ್ರ ಹಿಡಿತದಲ್ಲಿರಲಿ.

ನಮ್ಮ ಹಿರಿಯರದೇ ಆದ ಇನ್ನೊಂದು ಅಭ್ಯಾಸವಿದೆ. ಮಗಳು ಎ.ಸಿ. ಹಾಕಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಆಕೆಯ ಕಾರು ತಿರುವು ದಾಟುವುದೇ ತಡ, “ಇಬ್ಬರಿಗೆ ಯಾಕಿಷ್ಟು ಕರೆಂಟು” ಎಂದು ತಾಯಿ ಅದನ್ನು ಆರಿಸಿ ಫ್ಯಾನ್ ಹಾಕುತ್ತಾರೆ. ಇಷ್ಟು ವರ್ಷ ಸಂಸಾರ ನಡೆಸಿದ ಬುದ್ಧಿ ಅದು, ತಪ್ಪೆನ್ನಲಾರೆ. ಆದರೆ ಕೋಣೆಯ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿನ ಲೆಕ್ಕದಲ್ಲಿ 90 ದಾಟಿದ ಮೇಲೆ ಫ್ಯಾನ್ ಒಂದನ್ನೇ ನಂಬುವಂತಿಲ್ಲ. ಬಿಸಿಗಾಳಿಯನ್ನೇ ಮೈಮೇಲೆ ಸುರಿದಂತಾಗುತ್ತದೆ. ಗೋಡೆಗೊಂದು ಉಷ್ಣತಾಮಾಪಕ ತೂಗುಹಾಕಿ. ಊರಿನಿಂದ ಫೋನ್ ಮಾಡುವ ತಮ್ಮ-ತಂಗಿಯರು “ಚೆನ್ನಾಗಿದ್ದೀರಾ?” ಎಂದು ಕೇಳಿದರೆ “ಚೆನ್ನಾಗಿದ್ದೇವೆ” ಎಂಬ ಉತ್ತರವೇ ಬರುತ್ತದೆ. “ಈಗ ಒಳಗೆ ಎಷ್ಟು ಡಿಗ್ರಿ ತೋರಿಸುತ್ತಿದೆ?” ಎಂದು ಕೇಳಿ.

ತಲೆನೋವು, ಸುಸ್ತು, ಸ್ನಾಯು ಸೆಳೆತ, ವಾಕರಿಕೆ ಕಂಡರೆ ತಂಪಾದ ಜಾಗಕ್ಕೆ ಹೋಗಿ ನೀರು ಕುಡಿಯಬೇಕು. ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಮೈ ಕಾದು ಪ್ರಜ್ಞೆ ಮಸುಕಾದರೆ ಅದು ಬಿಸಿಲಿನ ಆಘಾತ. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ. ತಕ್ಷಣ 911ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೆಟ್ಟಿಲು, ಬಚ್ಚಲು, ನೆಲ

ಉಕ್ಕಿನ ಚೌಕಟ್ಟು ಕೆಳಗಿರುವುದರಿಂದ ಈ ಮನೆಗಳ ನೆಲ ಭೂಮಿಯಿಂದ ಎತ್ತರದಲ್ಲಿರುತ್ತದೆ. ಒಂದೇ ಅಂತಸ್ತು ನಿಜ, ಆದರೆ ಬಾಗಿಲಿಗೆ ಮೂರೋ ನಾಲ್ಕೋ ಮೆಟ್ಟಿಲು ತಪ್ಪಿದ್ದಲ್ಲ. ಎರಡೂ ಕಡೆ ಹಿಡಿಗಂಬಿ ಇರಬೇಕು, ರಾತ್ರಿ ದೀಪ ಉರಿಯಬೇಕು. ಮುಂದೆ ಗಾಲಿಕುರ್ಚಿ ಬೇಕಾದರೆ ಇಳಿಜಾರು ಹಾಕಿಸಬಹುದೇ ಎಂದು ಕೊಳ್ಳುವ ಮೊದಲೇ ಅಳೆದು ನೋಡಿ. ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ ಎಂಬುದು ಲೆಕ್ಕ. 30 ಅಂಗುಲ ಎತ್ತರದ ಬಾಗಿಲಿಗೆ 30 ಅಡಿ ಇಳಿಜಾರು ಬೇಕು. ಪಕ್ಕದ ಮನೆ ಹತ್ತೇ ಅಡಿ ದೂರದಲ್ಲಿದ್ದರೆ ಅದನ್ನು ಎಲ್ಲಿ ಹಾಕಿಸುತ್ತೀರಿ?

ಬಚ್ಚಲುಮನೆಯಲ್ಲಿ ಸಾಮಾನ್ಯವಾಗಿ ತೊಟ್ಟಿ ಇರುತ್ತದೆ, ಅದರ ಅಂಚನ್ನು ದಾಟಿ ಒಳಗಿಳಿಯಬೇಕು. ಹಿಡಿಗಂಬಿ ಹಾಕಿಸುವಾಗ ಒಂದು ಎಚ್ಚರಿಕೆ. ಇಲ್ಲಿನ ಇಟ್ಟಿಗೆ ಗೋಡೆಯಂತೆ ಎಲ್ಲೆಂದರಲ್ಲಿ ತಿರುಪು ಕೂರಿಸುವಂತಿಲ್ಲ. ತೆಳು ಹಲಗೆಗೆ ಮಾತ್ರ ಕೂರಿಸಿದ ಗಂಬಿ, ಬೀಳುವಾಗ ನೀವು ಹಿಡಿದರೆ ಹಲಗೆ ಸಮೇತ ಕೈಗೆ ಬರುತ್ತದೆ. ಒಳಗಿನ ಮರದ ಕಂಬಕ್ಕೇ ಅದನ್ನು ಬಿಗಿಯಬೇಕು. ಹಳೆಯ ಮನೆಗಳಲ್ಲಿ ನೆಲದ ಹಲಗೆ ಮರದ ಪುಡಿ ಒತ್ತಿ ಮಾಡಿದ್ದಾಗಿರುತ್ತದೆ. ನೀರು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಶೌಚದ ಸುತ್ತ, ಅಡುಗೆಮನೆಯ ಸಿಂಕಿನ ಮುಂದೆ, ನೀರು ಕಾಯಿಸುವ ಹಂಡೆಯ ಪಕ್ಕ ಅಂಗಾಲಿನಿಂದ ಒತ್ತಿ ನೋಡಿ. ಕುಸಿದಂತೆ ಅನಿಸಿದರೆ ಅದು ಮುಂದೊಂದು ದಿನ ಸೊಂಟದ ಮೂಳೆ ಮುರಿಯುವ ಜಾಗ.

ಬೀಳುವುದಕ್ಕೆ ಮನೆಯಷ್ಟೇ ದೇಹವೂ ಕಾರಣ. ಮಲಗಿದವರು ಎದ್ದ ತಕ್ಷಣ ರಕ್ತದೊತ್ತಡ ಕುಸಿಯುತ್ತದೆ. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳಿಂದ ಇದು ಹೆಚ್ಚು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು, ವೈದ್ಯರು ಬೇರೆ ಹೇಳದಿದ್ದರೆ, ಬೆಳಿಗ್ಗೆಯೇ ತೆಗೆದುಕೊಳ್ಳಿ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಹೆಚ್ಚು. ಪಾದ ಜೋಮು ಹಿಡಿದು, ಕತ್ತಲಲ್ಲಿ ನೆಲ ಎಲ್ಲಿದೆಯೆಂದೇ ತಿಳಿಯದಂತಾಗುತ್ತದೆ. ಹೊರಡುವ ಮೊದಲು ಇಲ್ಲಿಯೇ ರಕ್ತ ಪರೀಕ್ಷೆ ಮಾಡಿಸಿ. ಡಿ ಜೀವಸತ್ವವನ್ನೂ ಅದರ ಜೊತೆಗೆ ನೋಡಿಸಬಹುದು.

ಒಳಗಿನ ಗಾಳಿಯ ಬಗ್ಗೆ ಒಂದೆರಡು ಮಾತು. ಬಿಗಿಯಾಗಿ ಮುಚ್ಚಿದ ಚಿಕ್ಕ ಮನೆಯಲ್ಲಿ ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ಬೇಗ ಹೊರಹೋಗುವುದಿಲ್ಲ. ಒತ್ತು ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವೂ ಸ್ವಲ್ಪ ಸ್ವಲ್ಪ ಸೂಸುತ್ತದೆ. 2005ರ ಕತ್ರಿನಾ ಚಂಡಮಾರುತದ ನಂತರ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ಟ್ರೈಲರುಗಳಲ್ಲಿ ಇದು ಹೆಚ್ಚಿತ್ತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ 2008ರಲ್ಲಿ ಹೇಳಿತು. ಈಗ ನಿಯಮಗಳು ಬಿಗಿಯಾಗಿವೆ, ಮನೆ ಹಳತಾದಂತೆ ಅದು ಕಡಿಮೆಯೂ ಆಗುತ್ತದೆ. ಹೊಸ ಮನೆಯಲ್ಲಿ ಕಣ್ಣುರಿ, ಗಂಟಲು ಕೆರೆತ ಇದ್ದರೆ, ಆಸ್ತಮಾ ಕೆರಳಿದರೆ ತಂಪುಹೊತ್ತಿನಲ್ಲಿ ಕಿಟಕಿ ತೆರೆದಿಡಿ. ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ನಿಜವಾಗಿ ಹೊರಗೆ ತಳ್ಳುತ್ತಿದೆಯೇ ನೋಡಿ.

ಬಿರುಗಾಳಿಯ ದಿನ

ಫ್ಲಾರಿಡಾದಲ್ಲಿ ಚಂಡಮಾರುತದ ಮುನ್ಸೂಚನೆ ಬಂದು ಜನರನ್ನು ತೆರವು ಮಾಡಿಸುವ ಆದೇಶ ಹೊರಟಾಗ, ಮೊಬೈಲ್ ಹೋಮ್‌ಗಳಲ್ಲಿರುವವರೆಲ್ಲ ಹೊರಡಬೇಕು ಎಂಬ ಸಾಲು ಅದರಲ್ಲಿ ಬಹುತೇಕ ಇದ್ದೇ ಇರುತ್ತದೆ. ಮನೆ ಸಮುದ್ರದಿಂದ ದೂರವಿದ್ದರೂ ಅಷ್ಟೆ. ಸುಂಟರಗಾಳಿಗೆ ಅಲ್ಲಿ ಬಲಿಯಾಗುವವರಲ್ಲಿ ಸುಮಾರು ಅರ್ಧದಷ್ಟು ಜನ ಇಂಥ ಮನೆಗಳಲ್ಲಿದ್ದವರು. ಹೊಸ ನಿಯಮದ ಮನೆ ಗಟ್ಟಿ ಎಂಬ ಧೈರ್ಯದ ಮೇಲೆ ಉಳಿಯಬೇಡಿ.

ಹೊರಡುವ ಚೀಲ ಸಿದ್ಧವಿರಲಿ. ಎರಡು ವಾರದ ಮಾತ್ರೆ, ಔಷಧಿಗಳ ರಾಸಾಯನಿಕ ಹೆಸರು ಬರೆದ ಪಟ್ಟಿ (ನಮ್ಮ ಬ್ರಾಂಡ್ ಹೆಸರು ಅಲ್ಲಿ ಯಾರಿಗೂ ತಿಳಿಯದು), ಕನ್ನಡಕ, ಗ್ಲುಕೋಮೀಟರ್. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆಗಳು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಒಳಗೆ ನಾಲ್ಕು ವಾರ ಫ್ರಿಜ್ ಇಲ್ಲದೆ ಕೆಡುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿಟ್ಟರೆ ಕೆಡುತ್ತವೆ. ಆಮ್ಲಜನಕ ಯಂತ್ರ, ಡಯಾಲಿಸಿಸ್ ಬೇಕಾದವರಿಗೆ ಫ್ಲಾರಿಡಾದ ಜಿಲ್ಲೆಗಳಲ್ಲಿ ವಿಶೇಷ ಆಶ್ರಯತಾಣಗಳಿವೆ; ಗಾಳಿ ಬರುವ ಮೊದಲೇ ಹೆಸರು ನೋಂದಾಯಿಸಿರಬೇಕು. ಬಿರುಗಾಳಿ ಹೋದ ಮೇಲೆ ಕರೆಂಟಿಲ್ಲದ ದಿನಗಳಲ್ಲಿ ಜನರೇಟರನ್ನು ಮನೆಗೆ ಅಂಟಿದ ಕಾರು ಚಪ್ಪರದಲ್ಲಿ ಇಟ್ಟು ಸಾಯುವವರಿದ್ದಾರೆ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮನೆಯಿಂದ 20 ಅಡಿಯಾದರೂ ದೂರವಿರಬೇಕು.

ಒಂಟಿತನಕ್ಕೂ ಋತುವಿದೆ

ಡಿಸೆಂಬರಿನಲ್ಲಿ ಹೋಗಿ ಪಾರ್ಕ್ ನೋಡಿ ಬಂದವರು ಮರುಳಾಗುತ್ತಾರೆ. ಕ್ಲಬ್ ಹೌಸಿನಲ್ಲಿ ಇಸ್ಪೀಟು, ಹಾಡು, ಕೊಳದ ಸುತ್ತ ನಗು. ಆದರೆ ಅವರಲ್ಲಿ ಬಹಳಷ್ಟು ಮಂದಿ ಉತ್ತರದ ಹಿಮದಿಂದ, ಕೆನಡಾದಿಂದ ಚಳಿಗಾಲಕ್ಕೆಂದು ಬಂದವರು. ಏಪ್ರಿಲ್ ಮುಗಿಯುವುದರೊಳಗೆ ಬೀಗ ಹಾಕಿ ಹೊರಡುತ್ತಾರೆ. ಬಿಸಿಲು ಏರುವ ತಿಂಗಳುಗಳಲ್ಲೇ ಅಕ್ಕಪಕ್ಕದ ಮನೆಗಳು ಖಾಲಿ. ಬಿದ್ದರೆ ಕೂಗು ಕೇಳುವವರಿಲ್ಲದ ಕಾಲವೂ ಅದೇ. ಆದ್ದರಿಂದ ಪಾರ್ಕ್ ನೋಡುವುದಾದರೆ ಜುಲೈ ತಿಂಗಳಲ್ಲಿ ನೋಡಿ.

ಬಸ್ಸಿನ ಸೌಕರ್ಯ ಅಲ್ಲಿ ಕಡಿಮೆ. ಕಾರು ಓಡಿಸುವವರು ಯಜಮಾನರೊಬ್ಬರೇ ಆಗಿದ್ದು, ಅವರ ಕಣ್ಣು ಮಂಜಾದ ದಿನ ಇಬ್ಬರ ಓಡಾಟವೂ ನಿಲ್ಲುತ್ತದೆ. ಅವರೇ ಇಲ್ಲವಾದರೆ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವುದೇ ಅಪಶಕುನ. ವೈದ್ಯನಾಗಿ ನಾನು ಕೇಳಲೇಬೇಕು. ಮನೆಯ ಪತ್ರದಲ್ಲಿ ತಾಯಿಯ ಹೆಸರಿದೆಯೇ? ಅವರಿಗೆ ಇನ್ನೂ 55 ಆಗಿರದಿದ್ದರೆ ಅಲ್ಲಿ ಮುಂದುವರಿಯಲು ಬಿಡುತ್ತಾರೆಯೇ? ಔಷಧಿ ಅಂಗಡಿಗೆ ಅವರು ಒಬ್ಬರೇ ಹೇಗೆ ಹೋಗುತ್ತಾರೆ? ಉತ್ತರ ಇಲ್ಲದಿದ್ದರೆ ಆ ಮನೆ ಮಗಳ ಮನೆಗೆ ಇನ್ನೂ ಹತ್ತಿರದಲ್ಲಿರಬೇಕು.

911ಕ್ಕೆ ಕರೆ ಮಾಡಲು ತಾಯಿಗೂ ಕಲಿಸಿ. ಪಾರ್ಕಿನ ವಿಳಾಸದಲ್ಲಿ ರಸ್ತೆಯ ಜೊತೆಗೆ ಮನೆಯ ನಿವೇಶನ ಸಂಖ್ಯೆಯೂ ಇರುತ್ತದೆ. ಅದನ್ನು ದೊಡ್ಡದಾಗಿ ಬರೆದು ಫೋನಿನ ಪಕ್ಕ ಅಂಟಿಸಿ. “ಕನ್ನಡ ಇಂಟರ್‌ಪ್ರಿಟರ್” ಎಂದು ಸ್ಪಷ್ಟವಾಗಿ ಕೇಳಲಿ. ಬರೀ ‘ಇಂಡಿಯನ್’ ಎಂದರೆ ಹಿಂದಿಯವರನ್ನು ಜೋಡಿಸಿಬಿಡಬಹುದು. ಆಸ್ಪತ್ರೆಗಳಲ್ಲೂ ಫೋನಿನ ಮೂಲಕ ದುಭಾಷಿಯನ್ನು ಉಚಿತವಾಗಿ ಕೊಡುತ್ತಾರೆ. ಕಾಯಿಲೆ, ಮಾತ್ರೆ, ಅಲರ್ಜಿಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವ ಪದ್ಧತಿ ಅಲ್ಲಿದೆ; ಆಂಬುಲೆನ್ಸಿನವರು ಅಲ್ಲಿಯೂ ನೋಡುತ್ತಾರೆ.

ಮಗಳು ಬಂದು ಇರಬಹುದೇ?

ಮೊಮ್ಮಕ್ಕಳು ರಜೆಗೆ ಬಂದು ಎಷ್ಟು ದಿನ ಇರಬಹುದು, ಕೊಳಕ್ಕೆ ಯಾವ ಹೊತ್ತಿನಲ್ಲಿ ಇಳಿಯಬಹುದು ಎಂಬುದಕ್ಕೆಲ್ಲ ಪಾರ್ಕಿನ ನಿಯಮವಿರುತ್ತದೆ. ಅತಿಥಿಗಳಿಗೆ ಇಂತಿಷ್ಟೇ ದಿನ ಎಂಬ ಮಿತಿ ಹಲವೆಡೆ ಇದೆ. ನಲವತ್ತರ ಮಗಳು ತಾಯಿಯ ಮಂಡಿ ಶಸ್ತ್ರಚಿಕಿತ್ಸೆಯ ನಂತರ ಎರಡು ತಿಂಗಳು ಜೊತೆಗಿರಬೇಕೆಂದರೆ ಕಚೇರಿಯವರು ಆಕ್ಷೇಪಿಸಬಹುದು. ಅಂಥಲ್ಲಿ ತಿಳಿದಿರಬೇಕಾದ ಸಂಗತಿ: ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆಯಿಂದ ಸಹಾಯಕರಿಲ್ಲದೆ ಬದುಕಲಾಗದವರ ಜೊತೆ ಆರೈಕೆಗಾಗಿ ಇರುವವರಿಗೆ ವಯಸ್ಸಿನ ನಿಯಮದಿಂದ ವಿನಾಯಿತಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಚಿಕಿತ್ಸೆ ನೀಡುವ ವೈದ್ಯರ ಪತ್ರ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಯಾವ ಕಾರಣಕ್ಕೆ, ಯಾವ ಕೆಲಸಗಳಿಗೆ, ಎಷ್ಟು ಕಾಲ ಸಹಾಯಕರು ಬೇಕು ಎಂದು ಅದರಲ್ಲಿ ಬರೆಸಿ, ಅರ್ಜಿಯನ್ನು ಲಿಖಿತವಾಗಿಯೇ ಕೊಡಿ.

ವಿಮೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೆಡಿಕೇರ್ ಎಂಬ ಸರ್ಕಾರಿ ವಿಮೆ 65 ಆದ ಮಾತ್ರಕ್ಕೆ ಎಲ್ಲರಿಗೂ ಸಿಗುವುದಿಲ್ಲ. ಗ್ರೀನ್ ಕಾರ್ಡಿನ ಮೇಲೆ ಹೋದ, ತಾವಾಗಲಿ ಪತಿ ಅಥವಾ ಪತ್ನಿಯಾಗಲಿ ಅಲ್ಲಿ ದುಡಿಯದ ತಂದೆತಾಯಿಗಳು ಐದು ವರ್ಷ ಸತತವಾಗಿ ಅಲ್ಲಿದ್ದ ಮೇಲಷ್ಟೇ ಹಣ ತೆತ್ತು ಸೇರಬಹುದು. ಅಲ್ಲಿಯವರೆಗೆ ಬೇರೆ ವಿಮೆ ಬೇಕು. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಮೆಡಿಕೇರ್ ಇಲ್ಲವೇ ಇಲ್ಲ. ಮೆಡಿಕೇರ್ ಇದ್ದರೂ ವರ್ಷಗಟ್ಟಲೆ ಸ್ನಾನ ಮಾಡಿಸುವ, ಊಟ ಕೊಡುವ ಆರೈಕೆಯ ಖರ್ಚನ್ನು ಅದು ಕೊಡುವುದಿಲ್ಲ. ನೆಲದ ಬಾಡಿಗೆ ಏರಿದಾಗ ಕೆಲವರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸಲು ನೋಡುತ್ತಾರೆ. ಮನೆಯ ಕರಾರಿನಲ್ಲಿ ಬಾಡಿಗೆ ಹೇಗೆ ಏರುತ್ತದೆಂಬ ಷರತ್ತನ್ನು ಓದುವುದೂ ಈ ದೃಷ್ಟಿಯಿಂದ ಆರೋಗ್ಯದ ಕೆಲಸವೇ.

ಅರಿಝೋನಾದಿಂದ ಬಂದ ಕೆಮ್ಮು

ಅರಿಝೋನಾ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಒಣಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಗಾಳಿಗೆ ಧೂಳೆದ್ದಾಗ ಉಸಿರಿನ ಜೊತೆ ಶ್ವಾಸಕೋಶ ಸೇರುತ್ತದೆ. ಇದರಿಂದ ಬರುವ ಕಾಯಿಲೆಗೆ ಅಲ್ಲಿ ವ್ಯಾಲಿ ಫೀವರ್ ಎಂದು ಹೆಸರು. ಅನೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಒಂದರಿಂದ ಮೂರು ವಾರದ ನಂತರ ಜ್ವರ, ಕೆಮ್ಮು, ಎದೆನೋವು, ವಿಪರೀತ ಸುಸ್ತು, ಕೀಲುನೋವು ಕಾಣಿಸಿಕೊಂಡು ತಿಂಗಳುಗಟ್ಟಲೆ ಎಳೆಯಬಹುದು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ತೀವ್ರವಾಗುವ ಸಂಭವ ಹೆಚ್ಚು. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ.

ನಮಗೆ ಇದೇಕೆ ಮುಖ್ಯವೆಂದರೆ, ಇಂಥ ಕೆಮ್ಮಿನೊಡನೆ ಊರಿಗೆ ಬಂದವರ ಎದೆಯ ಎಕ್ಸ್‌ರೇ ಕ್ಷಯದ ಎಕ್ಸ್‌ರೇಯಂತೆಯೇ ಕಾಣಬಹುದು. ಕ್ಷಯ ಇಲ್ಲಿ ಸಾಮಾನ್ಯ, ಆದ್ದರಿಂದ ವೈದ್ಯರ ಯೋಚನೆ ಮೊದಲು ಅತ್ತಲೇ ಹೋಗುತ್ತದೆ. ಕಫದ ಪರೀಕ್ಷೆಯನ್ನು ಮಾಡಿಸಲೇಬೇಕು. ಆದರೆ ಅದರಲ್ಲಿ ಏನೂ ಸಿಗದೆ ಕೆಮ್ಮು ಮುಂದುವರಿದರೆ ಈ ಶಿಲೀಂಧ್ರವನ್ನೂ ನೆನೆಯಬೇಕಾಗುತ್ತದೆ. ಇದಕ್ಕೆ ಬೇರೆಯೇ ಔಷಧಿ. ಹಾಗಾಗಿ “ನಾನು ಅರಿಝೋನಾದಲ್ಲಿ ಇಷ್ಟು ತಿಂಗಳು ಇದ್ದೆ” ಎಂಬ ಮಾತನ್ನು ಕೇಳುವ ಮೊದಲೇ ನೀವಾಗಿ ಹೇಳಿ. ಇದರ ರಕ್ತ ಪರೀಕ್ಷೆ ಅಲ್ಲಿ ಸುಲಭವಾಗಿ ಆಗುತ್ತದೆ, ಇಲ್ಲಿ ಅಷ್ಟು ಸುಲಭವಲ್ಲ. ಎರಡು ವಾರ ದಾಟಿದ ಕೆಮ್ಮಿದ್ದರೆ ವಿಮಾನ ಹತ್ತುವ ಮೊದಲು ಅಲ್ಲಿಯೇ ಪರೀಕ್ಷೆ ಮಾಡಿಸಿ, ವರದಿಯನ್ನೂ ಎಕ್ಸ್‌ರೇಯನ್ನೂ ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ.